ಮೇಳ ಊರು ಬಿಡುವಾಗ: ಹಳೇ ಕಾರುಗಳಿಗೆ ಹೊಸ ನೆಲ ಹುಡುಕುವ ಕೆಲಸ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಸ್ಟೋ ಎಂಬ ಬೆಟ್ಟದ ಊರಿದೆ. ಪಕ್ಕದಲ್ಲೇ ಮೌಂಟ್ ಮ್ಯಾನ್ಸ್‌ಫೀಲ್ಡ್, ಸುಮಾರು 1,340 ಮೀಟರ್, ಆ ರಾಜ್ಯದ ಅತಿ ಎತ್ತರದ ಶಿಖರ. ಚಳಿಗಾಲದಲ್ಲಿ ಹಿಮದ ಮೇಲೆ ಜಾರಾಡಲು ಬರುವವರಿಂದ ಹೊಟ್ಟೆ ಹೊರೆಯುವ ಊರದು. ಅಲ್ಲಿ ಬೇಸಿಗೆಗೊಮ್ಮೆ, ಆಗಸ್ಟ್‌ನಲ್ಲಿ, ಹಳೇ ಕಾರುಗಳ ಮೇಳ ಸೇರುತ್ತಿತ್ತು. 1953ರಲ್ಲಿ ಹುಟ್ಟಿದ ವರ್ಮಾಂಟ್ ಆಟೊಮೊಬೈಲ್ ಎಂಥೂಸಿಯಾಸ್ಟ್ಸ್ ಎಂಬ ಸಂಘ ಅದನ್ನು ನಡೆಸಿಕೊಂಡು ಬಂತು. ಸುಮಾರು 60 ವರ್ಷ ಸ್ಟೋದ ಹುಲ್ಲುಗಾವಲಿನಲ್ಲಿ ನಡೆದ ಮೇಳ ಕೊನೆಗೆ ಊರು ಬಿಟ್ಟಿತು. ಹೋದದ್ದು ಪಕ್ಕದ ವಾಟರ್‌ಬರಿಗೆ, ಫಾರ್ಸ್ ಫೀಲ್ಡ್ ಎಂಬ ಬಯಲಿಗೆ. ರೂಟ್ 100 ಎಂಬ ರಸ್ತೆಯಲ್ಲಿ ಅಳೆದರೆ ಸುಮಾರು 16 ಕಿಲೋಮೀಟರ್.

ಹದಿನಾರು ಕಿಲೋಮೀಟರ್ ಅಂದರೆ ಬೆಂಗಳೂರಿನವರಿಗೆ ಮನೆಯಿಂದ ಆಫೀಸಿಗೆ ಹೋದಷ್ಟು ದೂರ, ಅದಕ್ಕೇನು ದೊಡ್ಡ ಮಾತು ಅನ್ನಿಸಬಹುದು. ಇವತ್ತಿನ ಮಾತೆಲ್ಲ ಆ 16 ಕಿಲೋಮೀಟರಿನ ಮೇಲೆಯೇ. ಮೇಳಕ್ಕೆ ಹೊಸ ಜಾಗ ನೋಡುವ ಸಮಿತಿಗಳು ಸಾಮಾನ್ಯವಾಗಿ ಎಷ್ಟು ಜನ ಬರುತ್ತಾರೆ, ಪಾರ್ಕಿಂಗ್ ಎಷ್ಟಿದೆ, ಊಟದ ಅಂಗಡಿ ಎಲ್ಲಿ ಎಂದು ಶುರು ಮಾಡುತ್ತವೆ. ಅದು ಉಲ್ಟಾ ಲೆಕ್ಕ. ಮೇಳಕ್ಕೆ ಬರಬಹುದಾದ ಅತಿ ಹಳೆಯ, ಅತಿ ನಿಧಾನದ ಕಾರು ಯಾವುದೋ ಅದನ್ನು ಅಳತೆಗೋಲು ಮಾಡಿಕೊಳ್ಳಬೇಕು. ಅದು ಬಂದು, ನಿಂತು, ತನ್ನ ಚಕ್ರದ ಮೇಲೆ ವಾಪಸ್ ಹೋಗುವಂತಿದ್ದರೆ ಉಳಿದದ್ದನ್ನು ಹೊಂದಿಸಬಹುದು. ಅದು ಬರದಂತಾದರೆ ಮೇಳ ನಡೆಯುತ್ತದೆ, ಆದರೆ ಐದಾರು ವರ್ಷದಲ್ಲಿ ಅದು 1960ರ, 70ರ ಕಾರುಗಳ ಮೇಳವಾಗಿಬಿಡುತ್ತದೆ.

ಅಳತೆಗೋಲಾಗಿ 1915ರ ಫೋರ್ಡ್ ಮಾಡೆಲ್ ಟಿ ತೆಗೆದುಕೊಳ್ಳೋಣ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಕಾರು. ಇಂಥ ಯಾವ ಮೇಳಕ್ಕೆ ಹೋದರೂ ನಾಲ್ಕಾದರೂ ಕಾಣುತ್ತವೆ. ಎಂಜಿನ್ 2.9 ಲೀಟರ್, ಶಕ್ತಿ 20 ಅಶ್ವಶಕ್ತಿ. ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕ್ ಮುಂದಿನ ಸೀಟಿನ ಅಡಿಯಲ್ಲಿದೆ, ಅಲ್ಲಿಂದ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಹರಿದು ಹೋಗಬೇಕು. ಕಡಿದಾದ ಏರು ಬಂದಾಗ, ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿ ಇದ್ದರೆ, ಕಾರ್ಬುರೇಟರ್ ಟ್ಯಾಂಕಿಗಿಂತ ಮೇಲಾಗಿ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಆ ಕಾಲದವರು ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಏರು ಹತ್ತಿಸುತ್ತಿದ್ದರು. ರಿವರ್ಸ್ ಗೇರು ಹೆಚ್ಚು ಎಳೆತದ್ದು ಎಂಬುದೂ ಒಂದು ಕಾರಣ. ಇವತ್ತಿನ ಹೆದ್ದಾರಿಯಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ಏರು ಇರುವ ದಾರಿಯಾದರೆ ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ ಎಂದು ಆಹ್ವಾನಪತ್ರದಲ್ಲೇ ಬರೆಯಬೇಕು.

ಮುಂದಕ್ಕೆ ಹೋಗಲು ಗೇರು ಎರಡೇ. ಲೋ ಗೇರಿಗೆ ಎಡಗಾಲಿನ ಪೆಡಲನ್ನು ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ಹೈ ಗೇರಿಗೆ ಹೋಗುತ್ತದೆ. ಎರಡು ಕಿಲೋಮೀಟರ್ ಉದ್ದದ ಏರೆಂದರೆ ಅಷ್ಟು ಹೊತ್ತೂ ಕಾಲು ಒತ್ತಿಯೇ ಇರಬೇಕು. ಓಡಿಸುವವರಿಗೆ 75 ವರ್ಷ ಆಗಿರುವುದು ಸಾಮಾನ್ಯ. ಒತ್ತಡ ಸ್ವಲ್ಪ ಸಡಿಲವಾದರೆ ಗೇರನ್ನು ಬಿಗಿಹಿಡಿಯುವ ಒಳಗಿನ ಪಟ್ಟಿ, ಅಂದರೆ ಬ್ಯಾಂಡ್, ಜಾರಿ ಸವೆಯುತ್ತದೆ, ಅದರ ಬಟ್ಟೆಯ ನೂಲು ಆಯಿಲ್ ಸೇರಿ ಆಯಿಲ್ ಹೋಗುವ ಸಣ್ಣ ಕೊಳವೆಯನ್ನು ಕಟ್ಟುತ್ತದೆ, ಮುಂದಿನ ಬೇರಿಂಗಿಗೆ ಎಣ್ಣೆ ಇಲ್ಲದೆ ಹೋಗುತ್ತದೆ. ಬ್ರೇಕ್ ಪೆಡಲ್ ಕೆಲಸ ಮಾಡುವುದು ಗೇರ್‌ಬಾಕ್ಸಿನೊಳಗಿನ ಇನ್ನೊಂದು ಬ್ಯಾಂಡಿನ ಮೇಲೆ. ಕೈ ಲಿವರ್ ಹಿಂದಿನ ಎರಡು ಚಕ್ರಗಳಿಗೆ. ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. ಆಯಿಲ್ ನೋಡಲು ಕಡ್ಡಿಯಿಲ್ಲ, ಗಾಡಿಯ ಅಡಿ ಬಗ್ಗಿ ಎಂಜಿನ್ನಿನ ಹಿಂಭಾಗದಲ್ಲಿ ಮೇಲೊಂದು ಕೆಳಗೊಂದು ಇರುವ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಿ ನೋಡಬೇಕು. ಕೆಳಗಿನದರಲ್ಲಿ ಆಯಿಲ್ ಬರಬೇಕು, ಮೇಲಿನದರಲ್ಲಿ ಬರಬಾರದು. ನೆಲ ಸಮ ಇಲ್ಲದಿದ್ದರೆ ಈ ಲೆಕ್ಕವೇ ತಪ್ಪುತ್ತದೆ. ಬಂದ ಗಾಡಿಗಳು ಆಯಿಲ್ ನೋಡಿಕೊಳ್ಳಲು ಮೈದಾನದ ಬಾಗಿಲಲ್ಲಿ ಹತ್ತು ಮೀಟರ್ ಸಮತಟ್ಟು ನೆಲ ಬಿಡಿ ಎಂದು ಹೇಳುವುದು ಇದಕ್ಕೇ.

ಹೊಸ ಊರಿನ ದಾರಿಯನ್ನು ಈ ಕಣ್ಣಿನಿಂದ ನೋಡಬೇಕು. ಮೊದಲ ಸಲ ಹೊಸ ಕಾರಿನಲ್ಲೇ ಹೋಗಿ, ಆದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಪಕ್ಕದಲ್ಲಿ ಬರೆದುಕೊಳ್ಳುವವರೊಬ್ಬರು ಇರಲಿ. ಹಿಂದಿನಿಂದ ಎಷ್ಟು ಗಾಡಿ ಹಾರ್ನ್ ಹೊಡೆದವು, ದಾರಿ ಬಿಟ್ಟು ನಿಲ್ಲಲು ಅಂಚು ಎಲ್ಲೆಲ್ಲಿ ಅಗಲವಿದೆ, ಇಳಿಜಾರಿನ ತುದಿಯಲ್ಲಿ ಸಿಗ್ನಲ್ ಇದೆಯೇ. ಇಳಿಜಾರಿನ ಬುಡದಲ್ಲಿ ಕೆಂಪು ದೀಪ ಇರುವ ದಾರಿ ಎರಡು ಚಕ್ರದ ಬ್ರೇಕಿನ ಗಾಡಿಗೆ ಬೇಡ, ಬೇರೆ ದಾರಿ ಹುಡುಕಿ. ಸಾಲಾಗಿ ಹೋಗುವುದಾದರೆ ಒಂದು ಗುಂಪಿಗೆ ಐದಾರು ಗಾಡಿ ಸಾಕು, ನಡುವೆ ನೂರು ಮೀಟರ್ ಬಿಡಿ. ಹಿಂದಿನವರು ಒಂದೊಂದಾಗಿ ದಾಟಿಕೊಂಡು ಹೋಗಲಿ. ಇಪ್ಪತ್ತು ಗಾಡಿ ಅಂಟಿಕೊಂಡು ಹೋದರೆ ಯಾರೂ ದಾಟಲಾಗದೆ, ತಾಳ್ಮೆಗೆಟ್ಟ ಯಾರೋ ತಿರುವಿನಲ್ಲಿ ನುಗ್ಗುತ್ತಾರೆ. ಅಪಘಾತ ಆಗುವುದೇ ಅಲ್ಲಿ.

ವಾಟರ್‌ಬರಿಯ ಅನುಕೂಲ ಏನೆಂದರೆ ಅದು ಇಂಟರ್‌ಸ್ಟೇಟ್ 89 ಹೆದ್ದಾರಿಗೆ ಅಂಟಿಕೊಂಡಿದೆ. ದೂರದಿಂದ ಟ್ರೇಲರಿನಲ್ಲಿ ಗಾಡಿ ತರುವವರಿಗೆ ಬೆಟ್ಟದ ಕಡೆಯ ಆ ಕೊನೆಯ 16 ಕಿಲೋಮೀಟರ್ ಓಡಿಸುವುದು ತಪ್ಪಿತು. ಅಷ್ಟು ಹತ್ತಿರದಲ್ಲೇ ಇರುವುದರಿಂದ ಸ್ಟೋದ ಸುತ್ತಮುತ್ತಲಿನ ಹಳೇ ಗಾಡಿಗಳೂ ತಾವಾಗಿ ಓಡಿ ಬರಬಹುದು. ಎರಡೂ ಕೂಡಿಬರುವುದು ಅಪರೂಪ. ಕಳೆದುಕೊಳ್ಳುವುದೂ ಇದೆ. ಹೋಟೆಲಿನಿಂದ ಮೈದಾನಕ್ಕೆ ಊರ ಮುಖ್ಯ ಬೀದಿಯಲ್ಲೇ ಓಡಿಸಿಕೊಂಡು ಹೋಗುವ ಸುಖ ಹೆದ್ದಾರಿ ಪಕ್ಕದ ಬಯಲಿಗೆ ಬರುವುದಿಲ್ಲ. ಊರಿನವರು ಟಿಕೆಟ್ ಕೊಳ್ಳದೆ, ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನೋಡುತ್ತಿದ್ದ ಮೇಳ ಅದು. ಈ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸುವುದಿಲ್ಲ, ಆದರೆ ಸ್ವಯಂಸೇವಕರು ಸಿಗುತ್ತಿದ್ದದ್ದು ಆ ಬಾಗಿಲುಗಳಿಂದಲೇ.

ಈಗ ನೆಲದ ವಿಷಯ. ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಮಾಡೆಲ್ ಟಿ ಹಗುರ ಗಾಡಿ, ಏಳುನೂರು ಕಿಲೋ ಆಸುಪಾಸು. ಎರಡು ಟನ್ನಿನ ಹೊಸ ಎಸ್‌ಯುವಿ ನಿಲ್ಲುವ ಹುಲ್ಲಿನಲ್ಲಿ ಅದಕ್ಕೇನು ಕಷ್ಟ ಅನ್ನುತ್ತಾರೆ. ಟೈರ್ ನೆಲವನ್ನು ಒತ್ತುವ ಒತ್ತಡ ಹೆಚ್ಚುಕಮ್ಮಿ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಹೊಸ ಕಾರಿನ ಅಗಲ ಟೈರಿನಲ್ಲಿ 32 ಪೌಂಡ್ ಗಾಳಿ. ಮಾಡೆಲ್ ಟಿಯ ಹಿಂದಿನ ಟೈರ್ ಮೂರೂವರೆ ಇಂಚು ಅಗಲದ್ದು, ಗಾಳಿ 55ರಿಂದ 60 ಪೌಂಡ್. ಅಂದರೆ ಹಗುರ ಗಾಡಿಯೇ ನೆಲವನ್ನು ಹೆಚ್ಚುಕಡಿಮೆ ಇಮ್ಮಡಿ ಒತ್ತುತ್ತದೆ. ಒದ್ದೆ ಹುಲ್ಲಿನಲ್ಲಿ ಎಸ್‌ಯುವಿ ಒಂದು ಗುರುತು ಬಿಟ್ಟು ಹೋದಲ್ಲಿ ಹಳೇ ಗಾಡಿ ಚಾಕುವಿನಂತೆ ಕೊರೆದುಕೊಂಡು ಕೂರುತ್ತದೆ. ಹೂತ ಮೇಲೆ ಎಂಜಿನ್ ಜೋರು ಮಾಡಿದರೆ ಮರದ ಕಡ್ಡಿಯ ಚಕ್ರಕ್ಕೆ ತಿರುಚುವ ಹೊರೆ ಬಿದ್ದು ಕಡ್ಡಿಗಳು ಬುಡದಲ್ಲಿ ಸಡಿಲವಾಗುತ್ತವೆ. ಆ ಚಕ್ರ ವಾಪಸ್ ಹೋಗುವಾಗ ಕಿರುಗುಟ್ಟುತ್ತದೆ; ಕಿರುಗುಟ್ಟುವ ಚಕ್ರದಲ್ಲಿ ರಸ್ತೆಗೆ ಇಳಿಯಬಾರದು. ಹೂತ ಗಾಡಿಯನ್ನು ಇಬ್ಬರು ಆಕ್ಸಲ್ ಬಳಿ ಎತ್ತಿ, ಚಕ್ರದಡಿ 2 ಅಡಿ ಅಗಲದ ಪ್ಲೈವುಡ್ ಹಲಗೆ ತಳ್ಳಿ, ಕೈಯಿಂದ ನೂಕಿ ಹೊರಗೆ ತರಬೇಕು. ಇಂಥ ಹಲಗೆ 18 ಮಿ.ಮೀ. ದಪ್ಪದ್ದು 20 ಆದರೂ ಬಾಗಿಲಲ್ಲಿ ಇಟ್ಟಿರಬೇಕು.

ಜಾಗ ನೋಡಲು ಬಿಸಿಲ ದಿನ ಹೋಗಬೇಡಿ. ಎರಡು ದಿನ ಚೆನ್ನಾಗಿ ಮಳೆ ಸುರಿದ ಮಾರನೆಯ ದಿನ ಹೋಗಿ. ಉದ್ದ ಸ್ಕ್ರೂಡ್ರೈವರ್ ಒಂದನ್ನು ಅಂಗೈಯಿಂದ ನೆಲಕ್ಕೆ ಒತ್ತಿ. ಬೆಣ್ಣೆಯಲ್ಲಿ ಹೋದ ಹಾಗೆ ಹಿಡಿಯವರೆಗೆ ಇಳಿದರೆ ಆ ಭಾಗ ಗಾಡಿ ನಿಲ್ಲಿಸಲು ಅಲ್ಲ. ಅಡಿ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿ ಗಡಿಯಾರ ನೋಡಿ. ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಅದಕ್ಕಿಂತ ನಿಧಾನವಾದರೆ ಅಡಿಯಲ್ಲಿ ಜೇಡಿ ಇದೆ, ಒಂದು ಮಳೆಗೆ ಎರಡು ದಿನ ಒಣಗುವುದಿಲ್ಲ. ಈ ಪರೀಕ್ಷೆಯನ್ನು ಮೈದಾನದ ನಡುವೆ ಮಾಡಿದರೆ ಸಾಲದು, ಬಾಗಿಲ ಬಳಿ ಮಾಡಬೇಕು. ಎಲ್ಲ ಗಾಡಿಯೂ ತುಳಿಯುವ ಮೊದಲ 50 ಮೀಟರ್ ಕೆಟ್ಟರೆ ಮಿಕ್ಕ ಮೈದಾನ ಎಷ್ಟು ಗಟ್ಟಿಯಿದ್ದರೇನು?

ನದಿ ಪಕ್ಕದ ಬಯಲುಗಳು ನೋಡಲು ಬಲು ಚೆಂದ. ಸಮತಟ್ಟು, ಮರಳು ಬೆರೆತ ಮೆಕ್ಕಲು, ನೀರು ಬೇಗ ಇಂಗುತ್ತದೆ. ಆದರೆ ಅದನ್ನು ಸಮ ಮಾಡಿದ್ದು ಪ್ರವಾಹ ಎಂಬುದು ನೆನಪಿರಲಿ. ವಾಟರ್‌ಬರಿ ಇರುವುದು ವಿನೂಸ್ಕಿ ನದಿಯ ದಂಡೆಯಲ್ಲಿ. 2011ರ ಆಗಸ್ಟ್ ಕೊನೆಯಲ್ಲಿ ಐರೀನ್ ಬಿರುಗಾಳಿ ಮಳೆ ಸುರಿಸಿದಾಗ ಊರಿಗೇ ನೀರು ನುಗ್ಗಿ, ರಾಜ್ಯ ಸರ್ಕಾರದ ಕಚೇರಿ ಕಟ್ಟಡಗಳು ಮುಳುಗಿದವು. ಮೇಳ ನಡೆಯುವ ತಿಂಗಳೂ ಅದೇ. ಇಂಥ ಕಡೆ ಮೈದಾನ ಹಿಡಿಯುವವರು ನದಿಯ ನೀರಿನ ಮಟ್ಟ ನೋಡಿ ಗಾಡಿಗಳನ್ನು ಎಷ್ಟು ಹೊತ್ತಿಗೆ ಮೇಲಿನ ನೆಲಕ್ಕೆ ಸಾಗಿಸಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ರಾತ್ರಿ ಗಾಡಿ ಬಿಟ್ಟು ಹೋಗುವವರ ಹೋಟೆಲ್ ಹೆಸರು, ಫೋನ್ ನಂಬರು, ಗಾಡಿ ಸ್ಟಾರ್ಟ್ ಮಾಡುವ ಕ್ರಮ, ಇಷ್ಟು ಒಂದು ಚೀಟಿಯಲ್ಲಿ ಕಾವಲಿನವರ ಹತ್ತಿರ ಇರಲಿ. ನಡುರಾತ್ರಿ ಮಾಡೆಲ್ ಟಿಯನ್ನು ಗೊತ್ತಿಲ್ಲದವರು ಸ್ಟಾರ್ಟ್ ಮಾಡಲಾರರು. ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡುವ ಸ್ಪಾರ್ಕ್ ಲಿವರನ್ನು ಮೇಲಕ್ಕೆ ಸರಿಸದೆ ಹ್ಯಾಂಡಲ್ ಹೊಡೆದರೆ ಹ್ಯಾಂಡಲ್ ತಿರುಗಿ ಬಡಿದು ಮಣಿಕಟ್ಟು ಮುರಿಯುತ್ತದೆ.

ಹುಲ್ಲಿನ ಕಾಟವೇ ಬೇಡ, ಡಾಂಬರು ಹಾಕಿದ ಜಾಗ ಒಳ್ಳೆಯದಲ್ಲವೇ? ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ 1955ರಿಂದ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ದೊಡ್ಡ ಮೇಳ ದಶಕಗಳ ಕಾಲ ಕೆಸರಿಗೇ ಹೆಸರಾಗಿತ್ತು, ಈಗ ಅಲ್ಲಿ ಬಹುಪಾಲು ಡಾಂಬರು ನೆಲ. ಕೆಸರು ಹೋಯಿತು, ಬೇರೆ ಚಿಂತೆ ಬಂತು. ಪೆಟ್ರೋಲ್ ಮತ್ತು ಆಯಿಲ್ ತೊಟ್ಟಿಕ್ಕಿದಲ್ಲಿ ಡಾಂಬರು ಕರಗಿ ಮೆತ್ತಗಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಜಾಕಿ ಹಾಕಿದರೆ ಅದರ ಕಾಲು ಇಳಿಯುತ್ತದೆ. ಜಾಕಿಯ ಕೆಳಗೆ ಹಲಗೆ ಕೊಡಬೇಕು. ಪ್ರತಿ ಗಾಡಿಯಡಿ ಒಂದು ರಟ್ಟು, ಅದರ ಮೇಲೆ ಮರದ ಹೊಟ್ಟು ತುಂಬಿದ ತಟ್ಟೆ ಕಡ್ಡಾಯ ಮಾಡಿ. ಗಾಡಿ ಕೆಟ್ಟಿದ್ದಕ್ಕಲ್ಲ, ಆ ಕಾಲದ ಎಂಜಿನ್ನುಗಳಿಗೆ ಇವತ್ತಿನ ರಬ್ಬರ್ ಸೀಲ್ ಇಲ್ಲ, ತೊಟ್ಟಿಕ್ಕುವುದು ಅವುಗಳ ಕಟ್ಟೋಣದಲ್ಲೇ ಇದೆ.

ಜಾಗದ ಲೆಕ್ಕವನ್ನು ನಮ್ಮ ಗುಂಟೆಯಲ್ಲೇ ಹೇಳುವುದು ಸುಲಭ. ಪ್ರದರ್ಶನದ ಒಂದು ಗಾಡಿಗೆ 3 ಮೀಟರ್ ಅಗಲ, 6 ಮೀಟರ್ ಉದ್ದ, ಎದುರು ಜನ ನಡೆಯಲು 6 ಮೀಟರ್ ದಾರಿ. ತುರ್ತು ದಾರಿಯನ್ನೂ ಹಂಚಿ ಸೇರಿಸಿದರೆ ಸುಮಾರು 38 ಚದರ ಮೀಟರ್. ಗುಂಟೆಗೆ ಎರಡೂವರೆಗಿಂತ ತುಸು ಹೆಚ್ಚು ಗಾಡಿ. 400 ಗಾಡಿಗೆ 150 ಗುಂಟೆ, ಅಂದರೆ ಮೂರೂಮುಕ್ಕಾಲು ಎಕರೆ. ಇಲ್ಲಿವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಮರೆಯುವುದು ಟ್ರೇಲರುಗಳನ್ನು. ಎಳೆಯುವ ಗಾಡಿ ಸೇರಿ 15 ಮೀಟರ್ ಉದ್ದ, ತಿರುಗಲು ಜಾಗ ಬೇರೆ. ಒಂದಕ್ಕೆ ಒಂದು ಗುಂಟೆಗಿಂತ ಹೆಚ್ಚು ಬೇಕು. 150 ಟ್ರೇಲರ್ ಬಂದರೆ ಪ್ರದರ್ಶನದಷ್ಟೇ ದೊಡ್ಡ ಇನ್ನೊಂದು ಮೈದಾನ! ಇದು ಸಿಗದಿದ್ದರೆ ಟ್ರೇಲರುಗಳು ರಸ್ತೆ ಬದಿ ನಿಲ್ಲುತ್ತವೆ, ಮೊದಲ ವರ್ಷವೇ ಪೊಲೀಸರೊಂದಿಗೆ ಮನಸ್ತಾಪ.

ಬಾಗಿಲಲ್ಲಿ ದುಡ್ಡು ತೆಗೆದುಕೊಂಡು ಚೀಟಿ ಕೊಡಲು ಗಾಡಿಗೆ 20 ಸೆಕೆಂಡ್ ಎಂದರೆ ಒಂದು ಸಾಲಿನಲ್ಲಿ ಗಂಟೆಗೆ 180 ಗಾಡಿ. ಮೂರು ಗಂಟೆಯಲ್ಲಿ 2,000 ಗಾಡಿ ಒಳಗೆ ಬರಬೇಕಾದರೆ ನಾಲ್ಕು ಸಾಲು ಬೇಕು. ನೂರು ಗಾಡಿ ಸಾಲು ನಿಂತರೆ 700 ಮೀಟರ್. ಅಷ್ಟೂ ಉದ್ದ ಮೈದಾನದೊಳಗೇ ಸುತ್ತಿಸುವಂತಿರಲಿ. ಪ್ರದರ್ಶನದ ಗಾಡಿಗಳಿಗೆ ಬೇರೆ ಬಾಗಿಲು ಇರಲೇಬೇಕು. ನಿಂತ ಸಾಲಿನಲ್ಲಿ ಹಳೇ ಗಾಡಿ ಹತ್ತು ನಿಮಿಷದಲ್ಲಿ ಕುದಿಯುತ್ತದೆ. ಅದರ ಫ್ಯಾನ್ ಎಂಜಿನ್ ಬೆಲ್ಟಿಗೆ ಕಟ್ಟಿದ್ದು, ಎಂಜಿನ್ ನಿಧಾನವಾದಂತೆ ಅದೂ ನಿಧಾನ. ಮಾಡೆಲ್ ಟಿಯಲ್ಲಂತೂ ನೀರಿನ ಪಂಪೂ ಇಲ್ಲ, ಬಿಸಿ ನೀರು ತಾನಾಗಿ ಮೇಲೇರಿ ತಣ್ಣೀರು ಕೆಳಗಿಳಿಯಬೇಕು.

ಬಿಸಿಯ ಜೊತೆಗೆ ಬರುವ ಇನ್ನೊಂದು ಕಾಟ ಪೆಟ್ರೋಲ್ ಆವಿಯಾಗುವುದು. 1930ರ ನಂತರದ ಗಾಡಿಗಳಲ್ಲಿ ಎಂಜಿನ್ನಿಗೇ ಕಟ್ಟಿದ ಪಂಪ್ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಸೈಲೆನ್ಸರ್ ಪೈಪಿನ ಹತ್ತಿರ ಹಾದುಬರುವ ಕೊಳವೆಯಲ್ಲಿ ಪೆಟ್ರೋಲ್ ಕುದಿದು ಗುಳ್ಳೆಯಾದರೆ ಪಂಪ್ ಹೀರುವುದು ಬರೀ ಆವಿ. ತಕ್ಷಣದ ಮದ್ದು ಪಂಪಿನ ಮೇಲೆ ಒದ್ದೆ ಬಟ್ಟೆ, ಹತ್ತು ನಿಮಿಷ ಬಾನೆಟ್ ತೆಗೆದಿಡುವುದು. ನಿಲ್ಲುವ ಪರಿಹಾರ ಬೇಕೆಂದರೆ ಟ್ಯಾಂಕಿನ ಬಳಿ 3–4 ಪೌಂಡ್ ಒತ್ತಡದ ಎಲೆಕ್ಟ್ರಿಕ್ ಪಂಪ್ ಹಾಕಿ ಪೆಟ್ರೋಲನ್ನು ಹಿಂದಿನಿಂದ ತಳ್ಳಬೇಕು. ಒತ್ತಡ ಇದಕ್ಕಿಂತ ಹೆಚ್ಚಾದರೆ ಕಾರ್ಬುರೇಟರಿನ ಸೂಜಿ ತಡೆಯದೆ ಪೆಟ್ರೋಲ್ ಉಕ್ಕುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಇದನ್ನು ಇನ್ನೂ ಬಿಗಡಾಯಿಸಿದೆ, ನಮ್ಮಲ್ಲಿ 20 ಪ್ರತಿಶತ ಬೆರಕೆ ಬಂದ ಮೇಲೆ ಮತ್ತೂ ಹೆಚ್ಚು. ಹಳೇ ಕಾರ್ಬುರೇಟರುಗಳ ತೇಲುಬಿರಡೆ ಕಾರ್ಕಿನದು, ಮೇಲೆ ಅರಗಿನ ಲೇಪ. ಎಥನಾಲ್ ಅರಗನ್ನು ಕರಗಿಸುತ್ತದೆ, ಕಾರ್ಕ್ ಪೆಟ್ರೋಲ್ ಕುಡಿದು ಮುಳುಗುತ್ತದೆ, ಕಾರ್ಬುರೇಟರ್ ಸೋರಿ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಬೀಳುತ್ತದೆ. ಹಿತ್ತಾಳೆಯ ಬಿರಡೆ ಹಾಕಿಸಿಕೊಳ್ಳದ ಗಾಡಿಗೆ ದೂರದ ಓಟ ಬೇಡ. ಪ್ರತಿ ಗಾಡಿಯಲ್ಲೂ ಬೆಂಕಿ ಆರಿಸುವ ಸಿಲಿಂಡರ್ ಇರಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಆರು ವೋಲ್ಟ್ ಗಾಡಿಗಳು ಸಂಜೆ ಸ್ಟಾರ್ಟ್ ಆಗದೆ ನಿಲ್ಲುವುದು ಎಲ್ಲ ಮೇಳದ ಕೊನೆಯ ದೃಶ್ಯ. ಎಲ್ಲರೂ ಬ್ಯಾಟರಿ ಬೈಯುತ್ತಾರೆ. ಬಹಳ ಸಲ ತಪ್ಪು ಕೇಬಲಿನದು. ಅದೇ ಕೆಲಸಕ್ಕೆ 6 ವೋಲ್ಟಿನಲ್ಲಿ ಇಮ್ಮಡಿ ಕರೆಂಟ್ ಹರಿಯಬೇಕು, ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಕೇಬಲ್ ಅದಕ್ಕೆ ಸಣ್ಣದು. ಸೆಲ್ಫ್ ಹೊಡೆದ ಕೂಡಲೇ ಕೇಬಲಿನ ತುದಿ ಮುಟ್ಟಿ ನೋಡಿ, ಬಿಸಿ ಇದ್ದರೆ ಕಾರಣ ಸಿಕ್ಕಿತು. ನಿಧಾನದ ಮೆರವಣಿಗೆಯಲ್ಲಿ ದೀಪ ಹಾಕಿಕೊಂಡು ಹೋಗುವುದೂ ಬೇಡ. ಆ ವೇಗದಲ್ಲಿ ಡೈನಮೋ ಚಾರ್ಜ್ ಮಾಡುವುದಿಲ್ಲ.

ಹಳೇ ಬಿಡಿಭಾಗ ಮಾರುವವರ ಸಾಲಿನ ಬಗ್ಗೆ ಒಂದು ಮಾತು. ಒಬ್ಬರು 30 ವರ್ಷ ಒಂದೇ ಮೂಲೆಯಲ್ಲಿ, ಒಂದೇ ಮರದ ಕೆಳಗೆ ಕೂತು ಕಾರ್ಬುರೇಟರ್ ಮಾರಿದ್ದರೆ ಆ ಮರವೇ ಅವರ ಅಂಗಡಿಯ ಬೋರ್ಡು. ಗಿರಾಕಿಗಳಿಗೆ ಅವರ ಹೆಸರು ಗೊತ್ತಿರುವುದಿಲ್ಲ, ಜಾಗ ಗೊತ್ತಿರುತ್ತದೆ. ಹೊಸ ಮೈದಾನದಲ್ಲಿ ಮೊದಲು ಬಂದವರಿಗೆ ಮೊದಲು ಎಂದು ಹಂಚಿದರೆ ಈ ಹಳಬರು ಎರಡನೇ ವರ್ಷ ಬರುವುದಿಲ್ಲ. ಹಳೇ ಮೈದಾನದ ನಕ್ಷೆ ಹಿಡಿದು ಸಾಲಿನ ನಂಬರು, ಅಕ್ಕಪಕ್ಕ, ಮೂಲೆ ಎಲ್ಲವನ್ನೂ ಹಾಗೇ ಹೊಸ ಜಾಗಕ್ಕೆ ಇಳಿಸಿ, ಅದೇ ನಂಬರಿನ ಗೂಟ ಹೊಡೆಯಬೇಕು.

ಮಿಷಿಗನ್‌ನ ಮೆಡೋ ಬ್ರೂಕ್ ಮೇಳ ಇದಕ್ಕೆ ಬೇರೆಯದೇ ಉದಾಹರಣೆ. ಅದು 1979ರಲ್ಲಿ ಹುಟ್ಟಿದ್ದು ಡಾಡ್ಜ್ ಕಾರು ಕಂಪನಿಯ ಜಾನ್ ಡಾಡ್ಜ್ ಅವರ ವಿಧವೆ ಮಟಿಲ್ಡಾ ಕಟ್ಟಿಸಿದ ಬಂಗಲೆಯ ಅಂಗಳದಲ್ಲಿ. ಆ ಕಾರುಗಳಿಗೆ ಅದಕ್ಕಿಂತ ಹೊಂದುವ ಜಾಗ ಇರಲಿಲ್ಲ. 2011ರಲ್ಲಿ ಪ್ಲಿಮತ್‌ನ ಹೋಟೆಲ್ ಒಂದರ ಗಾಲ್ಫ್ ಮೈದಾನಕ್ಕೆ ಹೋಯಿತು, ಹೆಸರೂ ಬದಲಾಯಿತು. 2022ರಲ್ಲಿ ಡೆಟ್ರಾಯಿಟ್ ನಗರದ ನಡುವಿನ ಕಲಾ ಸಂಗ್ರಹಾಲಯದ ಎದುರಿಗೆ ಬಂದು ಮತ್ತೆ ಬದಲಾಯಿತು. ಊರು ಬದಲಾದಾಗ ಹೆಸರು ಉಳಿಸಿಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹಳಬರು ಹುಡುಕುವುದು ಹಳೇ ಹೆಸರನ್ನೇ. ಗಾಲ್ಫ್ ಮೈದಾನ ಹಿಡಿಯುವವರು ನೀರು ಚಿಮ್ಮಿಸುವ ಮೂತಿಗಳು ಹುಲ್ಲಿನಡಿ ಎಲ್ಲೆಲ್ಲಿವೆ ಎಂಬ ನಕ್ಷೆ ಪಡೆದು ಪ್ರತಿಯೊಂದಕ್ಕೂ ಬಾವುಟ ಚುಚ್ಚಬೇಕು, ಬೆಳಗಿನ ಜಾವದ ಟೈಮರ್ ನಿಲ್ಲಿಸಿದ್ದಾರೆಯೇ ಎಂದು ಎರಡು ಸಲ ಕೇಳಬೇಕು.

ನಮ್ಮ ದೇಶದಲ್ಲಿ ಮೇಳ ಊರು ಬಿಟ್ಟರೆ 16 ಕಿಲೋಮೀಟರಿನಲ್ಲಿ ಮುಗಿಯುವುದಿಲ್ಲ. ದೆಹಲಿಯಲ್ಲಿ ಬೇರೂರಿದ್ದ 21 ಗನ್ ಸೆಲ್ಯೂಟ್ ಮೇಳ 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀವಿಲಾಸ ಅರಮನೆಗೆ ಹೋದಾಗ ಅದು ಲಾರಿಯಲ್ಲಿ ಸಾಗಿಸುವ ದೂರ. ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರು ಸಂಗ್ರಹಾಲಯದ ಕಡೆಗೆ ಓಡಿಸಿಕೊಂಡು ಹೋಗಬಹುದಾದರೂ, 50 ವರ್ಷ ದಾಟಿ, ಹಳೇ ಗಾಡಿಗಳಿಗೆಂದೇ ಇರುವ ವಿಎ ಸರಣಿಯಲ್ಲಿ ನೋಂದಣಿಯಾದ ಗಾಡಿಯನ್ನು 2021ರ ನಿಯಮದ ಪ್ರಕಾರ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವಂಥ ಕೆಲಸಕ್ಕಷ್ಟೇ ರಸ್ತೆಗೆ ಇಳಿಸಬಹುದು. ಆಹ್ವಾನಪತ್ರದ ಒಂದು ಪ್ರತಿ ಗಾಡಿಯಲ್ಲಿರಲಿ.

ಲಾರಿಗೆ ಹತ್ತಿಸುವಾಗಲೇ ಹೆಚ್ಚು ಹಾನಿ. ಲಾರಿಯ ತಳ ನೆಲದಿಂದ 1.15 ಮೀಟರ್ ಎತ್ತರ. 3 ಮೀಟರಿನ ಹಲಗೆ ಇಟ್ಟರೆ 22 ಡಿಗ್ರಿ ಏರು, ಉದ್ದ ಹಿಂಭಾಗದ ಗಾಡಿಯ ಸೈಲೆನ್ಸರ್ ಉಜ್ಜುತ್ತದೆ. 6 ಮೀಟರಾದರೆ 11 ಡಿಗ್ರಿ, ಆರಾಮ. ಇಲ್ಲದಿದ್ದರೆ ಲಾರಿಯನ್ನು ದಿಬ್ಬಕ್ಕೆ ಹಿಂದೆ ತಾಗಿಸಿ ನೇರ ತಳ್ಳಿ. ಎಂಜಿನ್ ಜೋರಿನಲ್ಲಿ ಹತ್ತಿಸಬೇಡಿ, ಮುಂದಿನ ಆಕ್ಸಲಿಗೆ ಹಗ್ಗ ಕಟ್ಟಿ ನಿಧಾನ ಎಳೆಯಿರಿ, ಹಿಂದೆ ಕಲ್ಲು ಹಿಡಿದು ಒಬ್ಬರು ನಡೆದು ಬರಲಿ. ಬೆಲ್ಟ್ ನಾಲ್ಕು, ಕಟ್ಟುವುದು ಆಕ್ಸಲಿಗೆ. ಮರದ ಕಡ್ಡಿಗೂ ಬಂಪರಿಗೂ ಕಟ್ಟಬಾರದು. ಬ್ಯಾಟರಿ ಕೇಬಲ್ ತೆಗೆದಿಡಿ. ಹೊರಟು 20 ಕಿಲೋಮೀಟರಿಗೆ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿಯಬೇಕು, ಅಷ್ಟರಲ್ಲಿ ಸ್ಪ್ರಿಂಗ್ ಕೂತು ಸಡಿಲವಾಗಿರುತ್ತದೆ.

ಮೇಳ ಮುಗಿದ ಮಾರನೆಯ ದಿನದ ಕೆಲಸಕ್ಕೆ ಹತ್ತು ಜನರನ್ನು ಮೊದಲೇ ಗೊತ್ತುಮಾಡಿ. ಗೂಟ ಎಣಿಸಿ ಕೀಳಬೇಕು. 400 ಹೊಡೆದಿದ್ದರೆ 400 ವಾಪಸ್ ಬರಬೇಕು, ಒಂದು ಉಳಿದರೂ ಹುಲ್ಲು ಕುಯ್ಯುವ ಯಂತ್ರದ ಅಲಗು ಹೋಗುತ್ತದೆ. ಚಕ್ರ ಕೊರೆದ ಗುಂಡಿಗೆ ಮೇಲಿಂದ ಮಣ್ಣು ಸುರಿದರೆ ಹುಲ್ಲು ಸಾಯುತ್ತದೆ. ಹಲ್ಲಿನ ಗುದ್ದಲಿಯನ್ನು ಗುಂಡಿಯ ಎರಡೂ ಅಂಚಿನಲ್ಲಿ ಇಳಿಸಿ, ಒತ್ತಿಹೋದ ಮಣ್ಣನ್ನು ಅಡಿಯಿಂದ ಮೇಲಕ್ಕೆತ್ತಿ ಸಡಿಲಿಸಿ, ಕಾಲಿನಿಂದ ಮೆಲ್ಲಗೆ ತುಳಿದು ನೀರು ಹಾಕಬೇಕು. ಆಯಿಲ್ ಬಿದ್ದಲ್ಲಿ ನಾಲ್ಕು ಇಂಚು ಮಣ್ಣು ತೆಗೆದು ಚೀಲಕ್ಕೆ ತುಂಬಿ ಹೊರಗೆ ಸಾಗಿಸಿ. ಕೊನೆಗೆ ಉದ್ದ ಅಯಸ್ಕಾಂತದ ಪಟ್ಟಿಯನ್ನು ಮಾರಾಟದ ಸಾಲುಗಳ ಮೇಲೆ ಎಳೆದರೆ ಹಿಡಿ ತುಂಬ ಮೊಳೆ, ವಾಷರ್, ಕಾಟರ್ ಪಿನ್ನು ಸಿಗುತ್ತವೆ. ಆ ಹೊಲದಲ್ಲಿ ಮುಂದಿನ ವಾರ ಹಸು ಮೇಯಬೇಕಾಗಿರುತ್ತದೆ. ಇಷ್ಟೂ ಆದ ಮೇಲೆ ಜಮೀನಿನವರನ್ನು ಕರೆದುಕೊಂಡು ಬಾಗಿಲಿಂದ ಕೊನೆಯ ಬೇಲಿಯವರೆಗೆ ಒಂದು ಸುತ್ತು ನಡೆಯಿರಿ. ಅವರು ತೋರಿಸಿದ ಗುಂಡಿಯನ್ನು ಅಲ್ಲೇ, ಅವರ ಎದುರೇ ಮುಚ್ಚಿ. ಮುಂದಿನ ವರ್ಷದ ತಾರೀಕು ಕೇಳಬೇಕಾದದ್ದು ಆಗ.